ಜಗಲಿ ಮಾತು: ಅರ್ಜಿಯಲ್ಲಿ ಪುಟ್ಟನ ಹೆಸರು

ಹೋದ ಸಂಚಿಕೆಯಲ್ಲಿ ಬಾಳಕದ ಮೆಣಸಿನಕಾಯಿ ಮಾಡುವ ಕ್ರಮ ಬರೆದಿದ್ದೆನಲ್ಲ, ಅದಕ್ಕೆ ಬಹಳ ಜನ ಸೋದರಿಯರು ಕಾಗದ ಬರೆದಿದ್ದಾರೆ. ಸಂತೋಷ. ಅವುಗಳಲ್ಲಿ ಒಂದು ಕಾಗದ ಮಾತ್ರ ನನ್ನನ್ನು ಎರಡು ದಿನ ಬಿಡಲಿಲ್ಲ. ಮೊದಲ ನಾಲ್ಕು ಸಾಲಿನಲ್ಲಿ ಮಜ್ಜಿಗೆ ಎಷ್ಟು ಹುಳಿಯಿರಬೇಕು ಅಂತ ಕೇಳಿದ್ದಾರೆ. (ಚೆನ್ನಾಗಿಯೇ ಹುಳಿ ಬಂದಿರಬೇಕು ತಾಯೀ. ಸಿಹಿ ಮಜ್ಜಿಗೆಯಲ್ಲಿ ನೆನೆಹಾಕಿದರೆ ಮೆಣಸಿನಕಾಯಿಗೆ ರುಚಿ ಹಿಡಿಯೋದಿಲ್ಲ.) ಐದನೇ ಸಾಲಿನಿಂದ ಬೇರೆ ವಿಷಯ.

"ನನ್ನ ಮಗಳು, ಅಳಿಯ ಕೆನಡಾದಲ್ಲಿದ್ದಾರೆ. ನಾಲ್ಕು ವರ್ಷದ ಮೊಮ್ಮಗಳು ನನ್ನ ಹತ್ತಿರ ಬೆಳೆಯುತ್ತಿದ್ದಾಳೆ. ಈಗ ಅವರು ಅಲ್ಲಿ ಖಾಯಂ ಆಗಿ ಇರೋಕೆ ಪಿ.ಆರ್. ಅರ್ಜಿ ಹಾಕುತ್ತಿದ್ದಾರೆ. ಅರ್ಜಿ ಹಾಕಿಸಿಕೊಡುವವರು 'ಮಗುವಿನ ಕಾಗದಪತ್ರ ಸರಿಯಿಲ್ಲ, ಈಗ ಮಗುವನ್ನು ತೋರಿಸುವುದು ಬೇಡ, ಆಮೇಲೆ ಕರೆಸಿಕೊಳ್ಳಿ' ಅಂತಾರಂತೆ. ನನಗೂ ಮಗು ಇನ್ನೆರಡು ವರ್ಷ ಇಲ್ಲೇ ಇರಲಿ ಅನ್ನಿಸುತ್ತೆ. ಏನು ಮಾಡಲಿ?"

ಕಾಗದ ಓದಿ ಕೈಯಲ್ಲಿದ್ದ ಮೊರ ಪಕ್ಕಕ್ಕಿಟ್ಟುಬಿಟ್ಟೆ. ಇದೇ ಪ್ರಶ್ನೆ 2024ರ ಕೊನೆಯಲ್ಲಿ ನಮ್ಮ ಮನೆಗೂ ಬಂದಿತ್ತು. ಆಗ ನಾನು ಮಾಡಿದ ತಪ್ಪನ್ನು ಇದುವರೆಗೆ ಹೊರಗೆ ಯಾರಿಗೂ ಹೇಳಿಲ್ಲ. ಈಗ ಹೇಳಿದರೆ ಒಂದು ಮಗುವಿಗೆ ಅನುಕೂಲವಾಗುವ ಹಾಗಿದೆ. ಹಾಗಾಗಿ ಈ ಸಲ ಅಡುಗೆ ಮಾತು ಬಿಟ್ಟು ಇದನ್ನೇ ಬರೆಯುತ್ತೇನೆ.

ನನ್ನ ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ನರ್ಸಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಳು. 2019ರಲ್ಲಿ ಅವಳ ಯಜಮಾನರು ತೀರಿಕೊಂಡರು. ಮಗನಿಗೆ ಆಗ ನಾಲ್ಕು ವರ್ಷ. ಎರಡು ವರ್ಷ ಹೇಗೋ ಕಳೆದಳು. ಮನೆಯ ಸಾಲ ಇತ್ತು. "ಅಕ್ಕ, ಕೆನಡಾದಲ್ಲಿ ಎರಡು ವರ್ಷದ ಕೋರ್ಸು ಮಾಡಿದರೆ ಅಲ್ಲೇ ಕೆಲಸ ಸಿಗುತ್ತಂತೆ. ಪುಟ್ಟನ್ನ ನಿನ್ನ ಹತ್ರ ಬಿಟ್ಟು ಹೋಗ್ಲಾ?" ಅಂದಳು. ನಮ್ಮವರು ನನ್ನ ಮುಖ ಕೂಡ ನೋಡದೆ "ಬಿಟ್ಟು ಹೋಗಮ್ಮ" ಅಂದರು. 2021ರ ಸೆಪ್ಟೆಂಬರಿನಲ್ಲಿ ಅವಳು ವಿಮಾನ ಹತ್ತಿದಳು. ಪುಟ್ಟ ನಮ್ಮ ಊರಿನ ಶಾಲೆಗೆ ಸೇರಿದ.

ನಮಗೆ ಒಬ್ಬಳೇ ಮಗಳು. ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಮನೆಯಲ್ಲಿ ನಾನು, ನಮ್ಮವರು, ಅತ್ತೆಯವರು ಮೂರೇ ಜನ. ಪುಟ್ಟ ಬಂದಮೇಲೆ ಮನೆಗೆ ಮತ್ತೆ ಸದ್ದು ಬಂತು. ಬೆಳಿಗ್ಗೆ ಅವನಿಗೆ ಅಕ್ಕಿರೊಟ್ಟಿ ಅಂಚು ಗರಿಗರಿಯಾಗಿ ಬೇಯಬೇಕು, ಮಧ್ಯ ಮೆತ್ತಗಿರಬೇಕು. ರಾತ್ರಿ ಅತ್ತೆಯವರ ಪಕ್ಕ ಮಲಗಿ ಕತೆ ಹೇಳಿಸಿಕೊಳ್ಳಬೇಕು. "ದೊಡ್ಡಮ್ಮಾ" ಅಂತ ಬಾಗಿಲಿನಿಂದಲೇ ಕೂಗಿಕೊಂಡು ಬರುವವನು. ಒಂದೆರಡು ಸಲ ಬಾಯಿತಪ್ಪಿ "ಅಮ್ಮಾ" ಅಂದದ್ದೂ ಉಂಟು. ನಾನು ತಿದ್ದಲಿಲ್ಲ.

ತಂಗಿ ಕೋರ್ಸು ಮುಗಿಸಿ, ಒಂಟಾರಿಯೋದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ವರ್ಷ ಕೆಲಸ ಆದಮೇಲೆ ಪಿ.ಆರ್.ಗೆ ಹೆಸರು ಹಾಕಿದಳು.

ಪಿ.ಆರ್. ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪಿ.ಆರ್. ಸಿಕ್ಕಿದವರು ಕೆನಡಾದ ಪ್ರಜೆಗಳಾಗುವುದಿಲ್ಲ. ಪಾಸ್‌ಪೋರ್ಟು ನಮ್ಮ ದೇಶದ್ದೇ ಇರುತ್ತದೆ, ಅಲ್ಲಿ ಓಟು ಹಾಕುವ ಹಾಗಿಲ್ಲ. ಆದರೆ ಅಲ್ಲಿ ಖಾಯಂ ಆಗಿ ಇರಬಹುದು, ಕೆಲಸ ಮಾಡಬಹುದು, ಮಕ್ಕಳನ್ನು ಸರಕಾರಿ ಶಾಲೆಯಲ್ಲಿ ಓದಿಸಬಹುದು. ಐದು ವರ್ಷದಲ್ಲಿ ಒಟ್ಟು 730 ದಿನವಾದರೂ ಅಲ್ಲಿ ಇರಬೇಕು ಅನ್ನುವ ಕಟ್ಟು ಇದೆ. ಅರ್ಜಿ ಹಾಕುವುದಕ್ಕೆ ಮುಂಚಿನ ಐದು ವರ್ಷದಲ್ಲಿ 1,095 ದಿನ ಇದ್ದವರು ಪೌರತ್ವ ಕೇಳಬಹುದು. ಕೇಳಿ ಪಡೆದರೆ ಭಾರತದ ಪೌರತ್ವ ಹೋಗುತ್ತದೆ, ಎರಡನ್ನೂ ಇಟ್ಟುಕೊಳ್ಳಲು ನಮ್ಮ ದೇಶದಲ್ಲಿ ಅವಕಾಶವಿಲ್ಲ.

ಈ ಪಿ.ಆರ್.ಗೆ ಹಲವು ದಾರಿಗಳುಂಟು. ತಂಗಿ ಹೋದದ್ದು ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ ದಾರಿಯಲ್ಲಿ. ಅದು 2015ರ ಜನವರಿಯಲ್ಲಿ ಶುರುವಾದದ್ದು. ವಯಸ್ಸು, ಓದು, ಇಂಗ್ಲಿಷ್ ಪರೀಕ್ಷೆ, ಕೆಲಸದ ಅನುಭವ ಇವಕ್ಕೆಲ್ಲ ಅಂಕ ಕೊಡುತ್ತಾರೆ, ಒಟ್ಟು 1,200ಕ್ಕೆ. ವಯಸ್ಸಿಗೆ ಕೊಡುವ ಅಂಕ 20ರಿಂದ 29ರವರೆಗೆ ಪೂರ್ತಿ. 30 ಆದಮೇಲೆ ವರ್ಷ ವರ್ಷ ಕಡಿಮೆಯಾಗುತ್ತಾ 45ಕ್ಕೆ ಸೊನ್ನೆ. (ನನ್ನ ವಯಸ್ಸಿನವರಿಗೆ ಸೊನ್ನೆ ಅಂತ ಗೊತ್ತಾದಾಗ ಅತ್ತೆಯವರು "ಹಾಗಾದ್ರೆ ನಂಗೆ ಎಷ್ಟು?" ಅಂತ ಕೇಳಿ ನಗಿಸಿದರು.) ಹೆಚ್ಚು ಅಂಕ ಬಂದವರನ್ನು ಆಗಾಗ ಆರಿಸಿ, "ನೀವು ಈಗ ಪೂರ್ತಿ ಅರ್ಜಿ ಹಾಕಬಹುದು" ಅಂತ ಕರೆ ಕಳಿಸುತ್ತಾರೆ. 2023ರಿಂದ ಆರೋಗ್ಯದ ಕೆಲಸದವರನ್ನು ಬೇರೆಯಾಗಿಯೂ ಆರಿಸುತ್ತಿದ್ದರು. ಹಾಗೆ 2024ರ ನವೆಂಬರ್ ಮೂರನೇ ವಾರ ತಂಗಿಗೆ ಕರೆ ಬಂತು. ಕರೆ ಬಂದ 60 ದಿನದೊಳಗೆ ಎಲ್ಲ ಕಾಗದಪತ್ರದ ಜೊತೆ ಅರ್ಜಿ ಸೇರಿಸಬೇಕು. ಇಲ್ಲವಾದರೆ ಆ ಕರೆ ಹೋಯಿತು ಅಂತಲೇ ಲೆಕ್ಕ.

ಅವಳು ಫೋನಿನಲ್ಲಿ ಅಳುತ್ತಾ ನಗುತ್ತಾ ಹೇಳಿದಳು. "ಅಕ್ಕ, ಪುಟ್ಟನ ಬರ್ತ್ ಸರ್ಟಿಫಿಕೇಟ್ ಬೇಕು, ಫೋಟೋ ತೆಗೆದು ಕಳಿಸು."

ಬೀರು ತೆಗೆದು ನೋಡಿದೆ. ಸರ್ಟಿಫಿಕೇಟ್ ಇತ್ತು, ಆದರೆ ಮಗುವಿನ ಹೆಸರಿನ ಜಾಗ ಖಾಲಿ. 2015ರ ಜೂನಿನಲ್ಲಿ ಪುಟ್ಟ ಹುಟ್ಟಿದ್ದು ನಮ್ಮ ಊರಿನಲ್ಲೇ. ಚೊಚ್ಚಲ ಬಾಣಂತನ, ಅಮ್ಮ ಇಲ್ಲದ ಕಾರಣ ನಾನೇ ಮಾಡಿದೆ. ಹುಟ್ಟಿದ 21 ದಿನದೊಳಗೆ ನೋಂದಾಯಿಸಬೇಕು ಅಂತ ಆಸ್ಪತ್ರೆಯವರು ಬರೆದುಕೊಂಡು ಕಳಿಸಿದ್ದರು. ನಾಮಕರಣ ಆದದ್ದು ಮೂರು ತಿಂಗಳಿಗೆ. ಆಮೇಲೆ ಹೆಸರು ಸೇರಿಸಬೇಕು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ ತಾಯಿಯ ಹೆಸರಿನ ಜಾಗದಲ್ಲಿ ನಾವು ಮನೆಯಲ್ಲಿ ಅವಳನ್ನು ಕರೆಯುವ ಹೆಸರಿತ್ತು. ಆಸ್ಪತ್ರೆಯಲ್ಲಿ ಕೇಳಿದಾಗ ಬರೆಸಿದವಳು ನಾನೇ! ಅವಳ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಬೇರೆ. ಪುಟ್ಟನ ಪಾಸ್‌ಪೋರ್ಟನ್ನು ಅವಳು ಹೋಗುವ ಮುಂಚೆಯೇ ಆಧಾರ್ ತೋರಿಸಿ ಮಾಡಿಸಿದ್ದಳು, ಹಾಗಾಗಿ ಈ ತಪ್ಪು ಅಲ್ಲಿ ಸಿಕ್ಕಿಬಿದ್ದಿರಲಿಲ್ಲ. ಒಟ್ಟಿನಲ್ಲಿ ಈ ಹುಡುಗ ಈ ತಾಯಿಯ ಮಗ ಅಂತ ಆ ಕಾಗದ ಹೇಳುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಇಂಥ ಅರ್ಜಿಗಳನ್ನು ಹಾಕಿಸಿಕೊಡುವ ಒಬ್ಬರನ್ನು ಯಾರೋ ಹೇಳಿದರು. ಒಂದೂವರೆ ಲಕ್ಷ ಕೇಳಿದರು. ಕಾಗದ ನೋಡಿ, "ಇದನ್ನ ಸರಿಮಾಡಿಸೋಕೆ 60 ದಿನ ಸಾಲಲ್ಲ ಮೇಡಂ. ಮಗುವನ್ನ ಈಗ ತೋರಿಸಲೇಬೇಡಿ. ಅವರೊಬ್ಬರೇ ಅಂತ ಹಾಕೋಣ, ಅರ್ಜಿ ಹಗುರ ಆಗುತ್ತೆ. ಪಿ.ಆರ್. ಬಂದಮೇಲೆ ಮಗುವನ್ನ ಸ್ಪಾನ್ಸರ್ ಮಾಡಿಸಿದರಾಯ್ತು" ಅಂದರು.

ಸೋದರಿಯರೇ, ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಆ ಮಾತು ಕೇಳಿದ ಕೂಡಲೇ ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಒಳಗೊಳಗೆ ಹಿತವಾಯಿತು. ಪುಟ್ಟ ಇನ್ನೂ ಎರಡು ಮೂರು ವರ್ಷ ಇಲ್ಲೇ ಇರುತ್ತಾನೆ, ಏಳನೇ ಕ್ಲಾಸು ಮುಗಿಸಿಕೊಂಡು ಹೋಗಲಿ ಅಂತ ಆಗಲೇ ಲೆಕ್ಕ ಹಾಕಿದ್ದೆ. ರಾತ್ರಿ ತಂಗಿಗೆ ಫೋನು ಮಾಡಿ, "ಅವರು ಹೇಳೋದೂ ಸರಿ ಕಣೇ. ಮೊದಲು ನಿಂದು ಆಗ್ಲಿ. ನೀನು ಒಬ್ಳೇ ಡ್ಯೂಟಿ ಮಾಡ್ಕೊಂಡು ಅವನ್ನ ಹೇಗೆ ನೋಡ್ಕೋತೀಯ?" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳಿದ ಹಾಗೇ ಆಗ್ಲಿ ಅಕ್ಕ" ಅಂದಳು. ನನ್ನ ಮಾತನ್ನು ಅವಳು ಚಿಕ್ಕಂದಿನಿಂದ ಮೀರಿದವಳಲ್ಲ.

ಹೀಗೆ ಐದು ದಿನ ಹೋಯಿತು. ಶನಿವಾರ ಮಗಳು ಮೈಸೂರಿನಿಂದ ಬಂದಳು. ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅವಳು ತಟ್ಟೆಯ ಮುಂದೆ ಎಡಗೈಯಲ್ಲೇ ಫೋನು ಹಿಡಿದು ಕೆನಡಾ ಸರಕಾರದ ಪುಟ ತೆಗೆದು ಓದುತ್ತಾ ಹೋದಳು. ಮುಖ ಬದಲಾಯಿತು. "ಅಮ್ಮಾ, ಇದು ತಪ್ಪು. ಈಗ ಪುಟ್ಟನ ಹೆಸರು ಬಿಟ್ಟರೆ ಆಮೇಲೆ ಚಿಕ್ಕಮ್ಮ ಅವನ್ನ ಸ್ಪಾನ್ಸರ್ ಮಾಡೋಕೇ ಆಗಲ್ಲ."

ಅವಳು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಅವರ ವಲಸೆ ನಿಯಮಗಳಲ್ಲಿ 117 ಅಂತ ಒಂದಿದೆ, ಅದರೊಳಗೆ 9, ಅದರೊಳಗೆ ಡಿ. ಒಬ್ಬರು ಪಿ.ಆರ್. ಪಡೆಯುವಾಗ ತನ್ನ ಗಂಡನನ್ನೋ ಹೆಂಡತಿಯನ್ನೋ ಮಗುವನ್ನೋ ಅರ್ಜಿಯಲ್ಲಿ ತಿಳಿಸದೆ, ಅವರ ವೈದ್ಯಕೀಯ ತಪಾಸಣೆಯೂ ಆಗದೆ ಹೋದರೆ, ಮುಂದೆ ಅವರನ್ನು ಕುಟುಂಬದವರು ಅಂತ ಸ್ಪಾನ್ಸರ್ ಮಾಡಲು ಬರುವುದಿಲ್ಲ. ಈ ನಿಯಮದಿಂದ ಎಷ್ಟೋ ಸಂಸಾರಗಳು ಕಷ್ಟಪಟ್ಟವು ಅಂತಲೇ 2019ರ ಸೆಪ್ಟೆಂಬರಿನಲ್ಲಿ ಕೆಲವು ಬಗೆಯವರಿಗೆ ವಿನಾಯಿತಿ ಕೊಡುವ ಒಂದು ತಾತ್ಕಾಲಿಕ ಯೋಜನೆ ತಂದರು. ಆದರೆ ಅದು ಎಲ್ಲರಿಗೂ ಅಲ್ಲ, ಅದನ್ನು ನಂಬಿಕೊಂಡು ಬೇಕೆಂದೇ ಮಗುವಿನ ಹೆಸರು ಬಿಡುವುದಕ್ಕಂತೂ ಅಲ್ಲ.

ಇನ್ನೊಂದು ಅಪಾಯವೂ ಇತ್ತು. 2021ರಲ್ಲಿ ವಿದ್ಯಾರ್ಥಿ ವೀಸಾ ಕೇಳುವಾಗ ತಂಗಿ ಕುಟುಂಬದ ವಿವರದಲ್ಲಿ ಮಗನ ಹೆಸರು ಬರೆದಿದ್ದಳು. ಈಗ ಮಗನೇ ಇಲ್ಲ ಅನ್ನುವ ಹಾಗೆ ಅರ್ಜಿ ಹಾಕಿದರೆ ಅದು ಸುಳ್ಳು ಮಾಹಿತಿ ಆಗುತ್ತದೆ. ಅಂಥದು ಸಾಬೀತಾದರೆ ಐದು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ. ಅರ್ಜಿ ಬರೆದುಕೊಟ್ಟವರಿಗೆ ಏನೂ ಆಗದೆ ಇರಬಹುದು, ಸಹಿ ಹಾಕಿದವಳ ಬದುಕು ಹೋಗುತ್ತದೆ.

ಇಷ್ಟೆಲ್ಲ ಮಾಡಿ ಲಾಭವೇನು? ಅದೂ ಇಲ್ಲ. ಮಕ್ಕಳಿದ್ದಾರೆ ಅಂತ ಆ 1,200ರ ಲೆಕ್ಕದಲ್ಲಿ ಒಂದು ಅಂಕವೂ ಕಡಿಮೆಯಾಗುವುದಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಪುಟ್ಟ ಅತ್ತೆಯವರ ಮೇಲೆ ಕಾಲು ಹಾಕಿಕೊಂಡು ಮಲಗಿದ್ದ. ನಮ್ಮವರಿಗೆ ಹೇಳಿದೆ, "ನಾನು ಅವಳಿಗೆ ಹಾಗೆ ಹೇಳಿದ್ದು ಅರ್ಜಿಗೋಸ್ಕರ ಅಲ್ಲ." ಅವರು, "ಗೊತ್ತು. ನಂಗೂ ಅವನು ಹೋದ್ರೆ ಕಷ್ಟಾನೇ. ಆದ್ರೆ ಅವಳು ನಮ್ಮನ್ನ ನಂಬಿ ಬಿಟ್ಟುಹೋಗಿರೋದು" ಅಂದರು. ಅಷ್ಟೇ ಹೇಳಿದ್ದು.

ನಮ್ಮಲ್ಲಿ ಬೆಳಿಗ್ಗೆ ಐದೂವರೆ ಅಂದರೆ ಚಳಿಗಾಲದಲ್ಲಿ ಅಲ್ಲಿ ಹಿಂದಿನ ದಿನದ ಸಂಜೆ ಏಳು. ಒಲೆಗೆ ಕಾಫಿ ನೀರು ಇಟ್ಟು ತಂಗಿಗೆ ಫೋನು ಮಾಡಿದೆ. ನಿಯಮ ಹೇಳಿದೆ. ಆಮೇಲೆ ಬಾಯಿಬಿಟ್ಟು ಹೇಳಿದೆ, "ಅವನನ್ನ ಬಿಟ್ಟಿರೋಕೆ ನಂಗೆ ಮನಸ್ಸಿರ್ಲಿಲ್ಲ ಕಣೇ. ಅದಕ್ಕೇ ಹಾಗಂದೆ. ತಪ್ಪಾಯ್ತು."

ಅವಳು ಕೋಪ ಮಾಡಿಕೊಳ್ಳಲಿಲ್ಲ. "ಅಕ್ಕ, ಮೂರು ವರ್ಷದಿಂದ ನಾನೂ ಅವನನ್ನ ಬಿಟ್ಟೇ ಇದ್ದೀನಲ್ಲ" ಅಂದಳು.

ಅವತ್ತೇ ಓಡಾಟ ಶುರುಮಾಡಿದೆ. ಜನನ ಪ್ರಮಾಣಪತ್ರದ ವಿಷಯ ನಮ್ಮ ನಿಮ್ಮೆಲ್ಲರಿಗೂ ಬೇಕಾದದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜನನ ಮರಣ ನೋಂದಣಿಗೆ 1969ರ ಕಾಯಿದೆ ಇದೆ. ಅದರ 14ನೇ ಕಲಮಿನ ಪ್ರಕಾರ, ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು. ಒಂದು ವರ್ಷದೊಳಗಾದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ತಡವಾದದ್ದಕ್ಕೆ ಸ್ವಲ್ಪ ಶುಲ್ಕ ಕಟ್ಟಿ ಸೇರಿಸಬಹುದು. ತಪ್ಪು ತಿದ್ದಿಸುವುದಕ್ಕೆ 15ನೇ ಕಲಮು. ಪುಟ್ಟನಿಗೆ ಒಂಬತ್ತೂವರೆ, ಹಾಗಾಗಿ ಬಚಾವಾದೆವು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ತಂಗಿಯ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಎರಡು ಹೆಸರೂ ಒಬ್ಬಳದೇ ಅನ್ನುವ ಅಫಿಡವಿಟ್ಟು ಇಷ್ಟೂ ಹೊಂದಿಸಿದೆವು. ತಾಯಿಯ ಸಹಿ ಬೇಕು ಅಂದರು. ತಂಗಿ ರಜೆ ಹಾಕಿ ಟೊರಾಂಟೊದ ನಮ್ಮ ಕಾನ್ಸುಲೇಟಿಗೆ ಹೋಗಿ ಸಹಿ ದೃಢೀಕರಿಸಿದ ಪತ್ರವನ್ನು ಕೊರಿಯರಿನಲ್ಲಿ ಕಳಿಸಿದಳು. ಅದು ಬರುವುದಕ್ಕೇ ಹನ್ನೊಂದು ದಿನ ಹಿಡಿಯಿತು.

ಕಚೇರಿಗೆ ಆರು ಸಲ ಹೋಗಿದ್ದೇನೆ. ಮೊದಲನೇ ಸಲ "ಮಗುವಿಗೆ ನೀವು ಏನಾಗ್ಬೇಕು?" ಅಂತ ಕೇಳಿದರು. "ದೊಡ್ಡಮ್ಮ" ಅಂದೆ. "ಅಪ್ಪ ಅಮ್ಮ ಬರ್ಬೇಕು" ಅಂದರು. ಅಪ್ಪನ ಮರಣ ಪ್ರಮಾಣಪತ್ರ ತೋರಿಸಿದೆ. ಅಲ್ಲಿದ್ದ ಹೆಣ್ಣುಮಗಳು ಅದನ್ನು ನೋಡಿ ಕುರ್ಚಿ ಕೊಟ್ಟು ಕೂರಿಸಿ, ಯಾವ ಕಾಗದದ ಮೇಲೆ ಯಾವ ಕಾಗದ ಇಡಬೇಕು ಅಂತ ತಾನೇ ಜೋಡಿಸಿಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ. ಮನೆಗೆ ಬಂದು ಹೇಳಿದರೆ ಅತ್ತೆಯವರು, "ಹೆತ್ತವಳ ಹತ್ರ ಮಗು ಕಳಿಸೋಕೂ ಇಷ್ಟು ಕಾಗದ ಬೇಕೇನೇ?" ಅಂದರು.

ಜನವರಿ 8ಕ್ಕೆ ಹೊಸ ಪ್ರಮಾಣಪತ್ರ ಕೈಗೆ ಬಂತು. ಕನ್ನಡ ಇಂಗ್ಲಿಷ್ ಎರಡರಲ್ಲೂ ಇದ್ದುದರಿಂದ ತರ್ಜುಮೆ ಬೇಕಾಗಲಿಲ್ಲ. ಬರೀ ಕನ್ನಡದಲ್ಲಿದ್ದ ಕಾಗದಗಳನ್ನು ತರ್ಜುಮೆ ಮಾಡಿಸಬೇಕಾಯಿತು. ಅದನ್ನು ಮನೆಯವರು ಮಾಡುವ ಹಾಗಿಲ್ಲ, ಹೊರಗಿನವರೇ ಮಾಡಬೇಕು. ಸಂಕ್ರಾಂತಿಗೆ ಮೂರು ದಿನ ಮುಂಚೆ ತಂಗಿ ತಾನೇ ಕೂತು ಅರ್ಜಿ ಸೇರಿಸಿದಳು. ಬೆಂಗಳೂರಿನವರ ಒಂದೂವರೆ ಲಕ್ಷ ಉಳಿಯಿತು. ಸರಕಾರಕ್ಕೆ ಕಟ್ಟಿದ ಶುಲ್ಕ ಆಗಿನ ದರದಲ್ಲಿ ಅವಳಿಗೆ 1,525 ಡಾಲರ್, ಪುಟ್ಟನಿಗೆ 260 ಡಾಲರ್. ಡಾಲರಿಗೆ ಸುಮಾರು 60 ರೂಪಾಯಿ ಹಿಡಿದರೆ ಪುಟ್ಟನದು ಹದಿನೈದೂವರೆ ಸಾವಿರ ಚಿಲ್ಲರೆ. ಆ ಹಣ ಉಳಿಸಿದ್ದರೆ ಮಗುವನ್ನೇ ಕಳೆದುಕೊಳ್ಳುತ್ತಿದ್ದೆವು.

ಫೆಬ್ರವರಿಯಲ್ಲಿ ಪುಟ್ಟನ ವೈದ್ಯಕೀಯ ತಪಾಸಣೆಗೆ ಪತ್ರ ಬಂತು, 30 ದಿನದೊಳಗೆ ಮಾಡಿಸಬೇಕು. ನಮ್ಮೂರ ಡಾಕ್ಟರು ಎಷ್ಟು ದೊಡ್ಡವರಾದರೂ ನಡೆಯುವುದಿಲ್ಲ. ಕೆನಡಾದವರು ಗೊತ್ತುಮಾಡಿದ ಡಾಕ್ಟರ ಹತ್ತಿರವೇ ಹೋಗಬೇಕು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎತ್ತರ, ತೂಕ, ಕಣ್ಣು, ಎದೆಯ ಸದ್ದು ನೋಡಿದರು, ಮೂತ್ರ ಪರೀಕ್ಷೆ ಮಾಡಿದರು. 11 ವರ್ಷ ತುಂಬದ ಕಾರಣ ಎಕ್ಸ್‌ರೇ ಇಲ್ಲ. ತೂಕ ನೋಡಿ ಆ ಡಾಕ್ಟರಮ್ಮ "ಚೆನ್ನಾಗಿ ಬೆಳೆಸಿದ್ದೀರಿ" ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಪುಟ್ಟ "ದೊಡ್ಡಮ್ಮ, ಇಂಜೆಕ್ಷನ್ ಕೊಟ್ಟಿದ್ದು ನಿಂಗಾ?" ಅಂತ ಕೇಳಿದ.

ಜೂನಿನಲ್ಲಿ ಇಬ್ಬರಿಗೂ ಪಿ.ಆರ್. ಆಯಿತು. ಆಗಸ್ಟಿನಲ್ಲಿ ಕಾರ್ಡು ಕೈಗೆ ಬಂದಮೇಲೆ ತಂಗಿ ಮಗನನ್ನು ಕರೆದುಕೊಂಡು ಹೋಗಲು ಬಂದಳು. ಸುಮಾರು ನಾಲ್ಕು ವರ್ಷದ ಮೇಲೆ ಅಮ್ಮನನ್ನು ಎದುರಿಗೆ ನೋಡಿದ ಹುಡುಗ ಮೊದಲ ದಿನ ನನ್ನ ಸೆರಗಿನ ಹಿಂದೆಯೇ ನಿಂತಿದ್ದ. ಅವಳು ಬಲವಂತ ಮಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾನು ಬೇಕೆಂದೇ ಒಲೆಯ ಮುಂದಿನಿಂದ ಎದ್ದು, "ನೀನು ತಟ್ಟು, ಅವನಿಗೆ ಅಂಚು ಗರಿಗರಿ ಆಗ್ಬೇಕು" ಅಂತ ರೊಟ್ಟಿ ಹಿಟ್ಟು ಅವಳ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಬಾಳೆಗಿಡದ ಹತ್ತಿರ ನಿಂತು ಕೇಳಿಸಿಕೊಂಡೆ. "ಇನ್ನೂ ಸ್ವಲ್ಪ ಬೇಯ್ಲಿ ಅಮ್ಮಾ" ಅಂತಿದ್ದ.

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಹೊರಟರು. ಹಬ್ಬಕ್ಕೆ ಕಾಯದೆ ಕಡುಬು ಮಾಡಿ ತಿನ್ನಿಸಿದೆ. ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಟ್ಟೆ.

ಈಗ ಕಾಗದ ಬರೆದ ಸೋದರಿಗೂ, ಇಂಥದೇ ಸಂದರ್ಭದಲ್ಲಿರುವ ಬೇರೆಯವರಿಗೂ ನಾನು ಹೇಳುವುದಿಷ್ಟು:

1. ಜೊತೆಗೆ ಈಗಲೇ ಹೋಗಲಿ, ಬಿಡಲಿ, ಗಂಡ ಅಥವಾ ಹೆಂಡತಿ ಹಾಗೂ 22 ವರ್ಷ ತುಂಬದ, ಮದುವೆಯಾಗದ ಮಕ್ಕಳು ಪ್ರತಿಯೊಬ್ಬರ ಹೆಸರನ್ನೂ ಅರ್ಜಿಯಲ್ಲಿ ಬರೆಯಲೇಬೇಕು. ಮಗು ಈಗ ಬರುವುದಿಲ್ಲವಾದರೆ "ಜೊತೆಗೆ ಬರುತ್ತಿಲ್ಲ" ಅಂತ ತಿಳಿಸಲು ಅವಕಾಶವಿದೆ. ಹಾಗೆ ತಿಳಿಸಿದರೂ ವೈದ್ಯಕೀಯ ತಪಾಸಣೆ ತಪ್ಪಿಸಬಾರದು.

2. ಅರ್ಜಿ ಹಾಕಿದ ಮೇಲೆ ಮಗು ಹುಟ್ಟಿದರೆ, ಮದುವೆಯಾದರೆ, ಪಿ.ಆರ್. ಆಗುವ ಮೊದಲೇ ಅವರಿಗೆ ತಿಳಿಸಬೇಕು. ಇದನ್ನು ಮರೆತು ಕೆಟ್ಟವರಿದ್ದಾರೆ.

3. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆ ಬೇಕು. ಅವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ.

4. ಯಾವುದಾದರೂ ಕಾಗದ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ, ಯಾಕೆ ಸಿಗಲಿಲ್ಲ, ಏನು ಪ್ರಯತ್ನ ಮಾಡಿದಿರಿ ಅಂತ ವಿವರಣೆ ಪತ್ರ ಬರೆದು ಪುರಾವೆ ಜೊತೆಗಿಡಬೇಕು. ಹೆಸರು ಬಿಡುವುದು ಅದಕ್ಕೆ ಪರಿಹಾರವಲ್ಲ.

5. ತಪಾಸಣೆಗೆ ನಮ್ಮ ಹೊತ್ತಿಗೆ ಅರ್ಜಿ ಹಾಕಿದ ಮೇಲೆ ಪತ್ರ ಬರುತ್ತಿತ್ತು. ಎಕ್ಸ್‌ಪ್ರೆಸ್ ಎಂಟ್ರಿಯವರಿಗೆ 2025ರ ಆಗಸ್ಟ್ 21ರಿಂದ ಅರ್ಜಿಗೆ ಮುಂಚೆಯೇ ಮಾಡಿಸಬೇಕು ಅಂತ ಮಾಡಿದರು. ನಿಯಮ ಹೀಗೆ ಬದಲಾಗುತ್ತಲೇ ಇರುತ್ತದೆ, ಸರಕಾರದ ಪುಟವನ್ನೇ ನೋಡಿ.

6. ಹಣ ತೆಗೆದುಕೊಂಡು ಅರ್ಜಿ ಹಾಕಿಸಲು ಎಲ್ಲರಿಗೂ ಅಧಿಕಾರವಿಲ್ಲ. ಕೆನಡಾದ ವಕೀಲರಾಗಿರಬೇಕು, ಇಲ್ಲವೇ 2021ರ ನವೆಂಬರಿನಿಂದ ನಡೆಯುತ್ತಿರುವ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಇರಬೇಕು. ಆ ಪಟ್ಟಿ ಎಲ್ಲರೂ ನೋಡುವ ಹಾಗಿದೆ. ನಮಗೆ ಸಲಹೆ ಕೊಟ್ಟವರ ಹೆಸರು ಅದರಲ್ಲಿರಲಿಲ್ಲ.

7. ಯಾರೂ ಪರದೇಶಕ್ಕೆ ಹೋಗದಿದ್ದರೂ ಸರಿ, ಇವತ್ತೇ ನಿಮ್ಮ ಮನೆಯ ಮಕ್ಕಳ ಜನನ ಪ್ರಮಾಣಪತ್ರ ತೆಗೆದು ನೋಡಿ. ಹೆಸರಿನ ಜಾಗ ತುಂಬಿದೆಯೇ, ಅಪ್ಪ ಅಮ್ಮನ ಹೆಸರು ಸರಿಯಾಗಿದೆಯೇ? 15 ವರ್ಷ ಬೇಗ ಕಳೆದುಹೋಗುತ್ತದೆ.

ತಾಯೀ, ನಿಮ್ಮ ಪ್ರಶ್ನೆಯ ಕೊನೇ ಮಾತಿಗೆ ಉತ್ತರ ಇನ್ನೂ ಉಳಿದಿದೆ. ಮಗು ಇನ್ನೆರಡು ವರ್ಷ ನಿಮ್ಮ ಹತ್ತಿರ ಇರಲಿ ಅನ್ನಿಸುವುದು ತಪ್ಪಲ್ಲ. ನನಗೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಇಟ್ಟುಕೊಳ್ಳುವುದಾದರೆ ಮಗಳು ಅಳಿಯನ ಜೊತೆ ಕೂತು ಮಾತಾಡಿ, ಬಾಯಿಬಿಟ್ಟು ಕೇಳಿ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಹೆಸರು ಬಿಡಿಸಿ ಇಟ್ಟುಕೊಳ್ಳಬೇಡಿ. ಎರಡು ವರ್ಷಕ್ಕೆ ಅಂತ ಹಾಕಿದ ಬಾಗಿಲು ಆಮೇಲೆ ತೆಗೆಯದೆ ಹೋದರೆ, ಆ ಮಗು ದೊಡ್ಡವಳಾಗಿ ಕೇಳುವುದು ಏಜೆಂಟರನ್ನಲ್ಲ, ನಿಮ್ಮನ್ನು.

ಭಾನುವಾರ ಸಂಜೆ ಏಳು ಗಂಟೆಗೆ ಪುಟ್ಟನ ಫೋನು ಬರುತ್ತದೆ. ಹಿಮದಲ್ಲಿ ಜಾರಿ ಬಿದ್ದದ್ದು, ಶಾಲೆಯಲ್ಲಿ ಹುರಿಹಿಟ್ಟಿನ ಉಂಡೆ ತಿಂದಾಗ ಗೆಳೆಯರು ಕೇಳಿದ್ದು ಎಲ್ಲ ಹೇಳುತ್ತಾನೆ. ಹೋದ ವಾರ, "ದೊಡ್ಡಮ್ಮ, ನಿಂಗೂ ಪಿ.ಆರ್. ಮಾಡಿಸ್ಲಾ?" ಅಂದ. ಅವರ ನಿಯಮದಲ್ಲಿ ಕುಟುಂಬ ಅಂದರೆ ಯಾರು ಯಾರು ಅಂತ ನನಗೀಗ ಚೆನ್ನಾಗಿ ಗೊತ್ತು. ಅದರಲ್ಲಿ ದೊಡ್ಡಮ್ಮ ಇಲ್ಲ. ನಮ್ಮಂಥವರಿಗೆ ನೋಡಿಕೊಂಡು ಬರುವ ವೀಸಾ ಇದೆ, ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು. "ನೀನು ಬೇಸಿಗೆ ರಜಕ್ಕೆ ಬಾ, ಆಮೇಲೆ ನೋಡೋಣ" ಅಂದೆ.

ಅವನು ಬರುವಷ್ಟರಲ್ಲಿ ಹಲಸಿನ ಹಪ್ಪಳ ಮಾಡಿಟ್ಟಿರಬೇಕು. ಮುಂದಿನ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತೇನೆ.